ಲಾರಿಯಲ್ಲಿ ಮಲಗುವಾಗ ನಾನು ಹಾಕಿಕೊಳ್ಳುವ ಮೆಷಿನ್

ಹಿರಿಯೂರು ದಾಟಿ ಶಿರಾ ಕಡೆ ಹೋಗುತ್ತಿದ್ದೆ. ಬೆಳಗಿನ ಜಾವ 4 ಗಂಟೆ. ಬ್ಯಾಡಗಿ ಮಾರ್ಕೆಟ್‌ನಿಂದ ಹೊರಟ ಮೆಣಸಿನಕಾಯಿ ಲೋಡು, ರಸ್ತೆ ಖಾಲಿ. ಕಣ್ಣು ಬಿಟ್ಟುಕೊಂಡೇ ಇದ್ದೆ ಅಂತ ನನ್ನ ನಂಬಿಕೆ. ಆದರೆ ಕ್ಲೀನರ್ ಹುಡುಗ "ಅಣ್ಣಾ, ಅಣ್ಣಾ, ಡಿವೈಡರ್!" ಅಂತ ಕೂಗಿ ಸ್ಟೇರಿಂಗ್‌ಗೆ ಕೈ ಹಾಕಿದಾಗಲೇ ಗೊತ್ತಾಗಿದ್ದು, ಬಲಗಡೆ ಚಕ್ರ ಡಿವೈಡರ್ ಕಲ್ಲಿಗೆ ಉಜ್ಜಿಕೊಂಡು ಹೋಗುತ್ತಿತ್ತು. ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಅರ್ಧ ಗಂಟೆ ಕೈ ನಡುಗುವುದು ನಿಲ್ಲಲಿಲ್ಲ.

ನನ್ನನ್ನು ಹೆಚ್ಚು ಹೆದರಿಸಿದ್ದು ಬೇರೆ ವಿಷಯ. ಹಿಂದಿನ ದಿನ ನಾನು ಮನೆಯಲ್ಲೇ 8 ಗಂಟೆ ಮಲಗಿದ್ದೆ. ಕುಡಿದಿರಲಿಲ್ಲ. ಡಬಲ್ ಟ್ರಿಪ್ ಮಾಡಿರಲಿಲ್ಲ. ಹಾಗಾದರೆ ಈ ನಿದ್ದೆ ಎಲ್ಲಿಂದ ಬಂತು?

ಉತ್ತರ ಮನೆಯಲ್ಲೇ ಇತ್ತು, ನಾನು ಕೇಳಿಸಿಕೊಂಡಿರಲಿಲ್ಲ. ನಮ್ಮ ಮನೆಯವರು ನಾಲ್ಕೈದು ವರ್ಷದಿಂದ ಹೇಳುತ್ತಿದ್ದರು, "ರೀ, ಗೊರಕೆ ಹೊಡೀತಾ ಹೊಡೀತಾ ನಿಮ್ಮ ಉಸಿರೇ ನಿಂತುಬಿಡುತ್ತೆ, ಆಮೇಲೆ ನೀರಲ್ಲಿ ಮುಳುಗಿ ಎದ್ದವರ ಹಾಗೆ ಎಳ್ಕೊಳ್ತೀರಿ" ಅಂತ. ಎಷ್ಟೋ ರಾತ್ರಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದ್ದಾರಂತೆ. ನಮ್ಮ ಕಡೆ ಗೊರಕೆ ಹೊಡೆದರೆ ಏನಂತಾರೆ? ದುಡಿದು ದಣಿದಿದ್ದಾನೆ, ಒಳ್ಳೆ ನಿದ್ದೆ, ಎಬ್ಬಿಸಬೇಡಿ ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬೆಳಿಗ್ಗೆ ಏಳುವಾಗಲೇ ತಲೆನೋವು, ಬಾಯಿ ಒಣಗಿರುತ್ತಿತ್ತು, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ. ಸಕ್ಕರೆ ಕಾಯಿಲೆ ಇರಬೇಕು ಅಂತ ಎರಡು ಸಲ ರಕ್ತ ಕೊಟ್ಟು ಬಂದೆ, ಅದು ಸರಿಯಾಗೇ ಇತ್ತು. ಬಿಪಿ ಮಾತ್ರೆ ನುಂಗುತ್ತಿದ್ದರೂ ಬಿಪಿ ಇಳಿಯುತ್ತಿರಲಿಲ್ಲ. ಇದೆಲ್ಲ ಒಂದೇ ಬೇರಿನಿಂದ ಬಂದದ್ದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಹುಬ್ಬಳ್ಳಿಯಲ್ಲಿ ತೋರಿಸಿದೆ. ಡಾಕ್ಟರು ಮೊದಲು ಒಂದು ಹಾಳೆ ಕೊಟ್ಟರು, ಎಪ್ವರ್ತ್ ಸ್ಕೇಲ್ ಅಂತೆ. 8 ಪ್ರಶ್ನೆ, ಒಂದೊಂದಕ್ಕೂ 0ರಿಂದ 3 ಅಂಕ. ಕೂತು ಓದುವಾಗ ತೂಕಡಿಕೆ ಬರುತ್ತಾ, ಟಿವಿ ನೋಡುವಾಗ ಬರುತ್ತಾ, ಟ್ರಾಫಿಕ್‌ನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಂತಾಗ ಬರುತ್ತಾ. ಆ ಟ್ರಾಫಿಕ್ ಪ್ರಶ್ನೆಗೆ 3 ಅಂತ ಬರೆಯುವಾಗ ಪೆನ್ನು ಭಾರ ಆಯಿತು. 10ಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕು ಅಂತಾರೆ. ನನಗೆ 17 ಬಂತು. ಕುತ್ತಿಗೆಯ ಅಳತೆ ತೆಗೆದರು, 17 ಇಂಚಿಗಿಂತ ಜಾಸ್ತಿ ಇತ್ತು. ಆಮೇಲೆ ಒಂದು ರಾತ್ರಿ ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಮಲಗಿಸಿದರು.

ರಿಪೋರ್ಟು ಬಂದಾಗ ಡಾಕ್ಟರು ಬಿಡಿಸಿ ಹೇಳಿದ್ದು ಹೀಗೆ. ನಿದ್ದೆ ಬಂದ ಮೇಲೆ ಗಂಟಲಿನ ಸ್ನಾಯು ಸಡಿಲ ಆಗುತ್ತದೆ, ನಾಲಿಗೆ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಹೆದರಿ ಒಂದು ಸಲ ಎಬ್ಬಿಸುತ್ತದೆ, ನಮಗೆ ಅದು ನೆನಪೂ ಇರುವುದಿಲ್ಲ. ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ಹೀಗೆ ಗಂಟೆಗೆ 5ರಿಂದ 15 ಸಲ ಆದರೆ ಕಡಿಮೆ ತೊಂದರೆ, 30 ದಾಟಿದರೆ ತೀವ್ರ. ನನ್ನದು ಗಂಟೆಗೆ 47. ಅಂದರೆ 8 ಗಂಟೆ ಮಲಗಿದ್ದೆ ಅಂತ ನಾನು ಅಂದುಕೊಂಡ ರಾತ್ರಿಯಲ್ಲಿ ಮುನ್ನೂರಕ್ಕೂ ಹೆಚ್ಚು ಸಲ ಎದ್ದಿದ್ದೆ. ಅಂಥವನು 16 ಟನ್ ಗಾಡಿ ಓಡಿಸುತ್ತಿದ್ದೆ.

ಸ್ಲೀಪ್ ಆಪ್ನಿಯಾ ಅಂತ ಹೆಸರು. ಔಷಧಿ ಅಂದರೆ ಸಿಪ್ಯಾಪ್ ಮೆಷಿನ್. ಮೂಗಿಗೆ ಮಾಸ್ಕ್ ಹಾಕಿಕೊಂಡರೆ ಪೈಪಿನಿಂದ ಗಾಳಿ ಸಣ್ಣ ಒತ್ತಡದಲ್ಲಿ ಬರುತ್ತಾ ಇರುತ್ತದೆ, ಗಂಟಲು ಮುಚ್ಚದ ಹಾಗೆ ತಡೆ ಹಿಡಿಯುತ್ತದೆ. ಮೊದಲ ಹತ್ತು ದಿನ ಕಷ್ಟಪಟ್ಟೆ. ಮಾಸ್ಕ್ ಕಿತ್ತು ಹಾಕಿಬಿಡುತ್ತಿದ್ದೆ. ಹಗಲು ಟಿವಿ ಮುಂದೆ ಕೂತು ಅರ್ಧರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿಕೋ ಅಂದರು, ಅದು ಕೆಲಸ ಮಾಡಿತು. ಮೂರನೇ ವಾರ ಒಂದು ಬೆಳಿಗ್ಗೆ ಎದ್ದಾಗ ತಲೆ ಹಗುರ ಇತ್ತು. ಎಷ್ಟೋ ವರ್ಷ ಆಗಿತ್ತು ಹಾಗೆ ಎದ್ದು. ಸುಮ್ನೆ ಹಾಸಿಗೆ ಮೇಲೆ ಕೂತು ಅತ್ತುಬಿಟ್ಟೆ.

ಆದರೆ ಡ್ರೈವರ್ ಮನೆಯಲ್ಲಿ ಮಲಗುವುದು ತಿಂಗಳಿಗೆ ಎಷ್ಟು ದಿನ, ಹೇಳಿ? ಮೆಷಿನ್ ಲಾರಿಯಲ್ಲೂ ನಡೆಯಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಲಾರಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ವೋಲ್ಟ್ ಆಗುತ್ತದೆ. ನಾನು ಮೊದಲು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದೆ, ಅದು ತಪ್ಪು. ಆ ಒಂದು ಬೇಗ ಇಳಿದು, ಇನ್ನೊಂದರ ಜೊತೆ ಹೊಂದದೆ ಎರಡು ತಿಂಗಳಲ್ಲಿ ಹಾಳಾಯಿತು. ಇನ್ವರ್ಟರ್ ಹಾಕಿದರೆ ಕರೆಂಟು ಸುಮ್ನೆ ಪೋಲು, ಮೆಷಿನ್‌ಗೆ ಅಂತಲೇ ಬರುವ ಡಿಸಿ ಅಡಾಪ್ಟರ್ ಒಳ್ಳೆಯದು. ನೀರು ಬಿಸಿ ಮಾಡುವ ಹ್ಯೂಮಿಡಿಫೈಯರ್ ಭಾಗವೇ ಜಾಸ್ತಿ ಕರೆಂಟು ತಿನ್ನುತ್ತದೆ, ಲಾರಿಯಲ್ಲಿ ಅದನ್ನು ಆಫ್ ಮಾಡುತ್ತೇನೆ. ಕೊನೆಗೆ ಮೆಷಿನ್‌ಗೆ ಅಂತಲೇ ಬೇರೆ ಬ್ಯಾಟರಿ ಇಟ್ಟೆ. ಬೆಳಿಗ್ಗೆ ಸೆಲ್ಫ್ ಹೊಡೆಯದಿದ್ದರೆ ಅನ್ನುವ ಚಿಂತೆಯೂ ಹೋಯಿತು.

ಮೆಣಸಿನಕಾಯಿ ಲೋಡು ಇದ್ದಾಗ ಇನ್ನೊಂದು ಕಷ್ಟ. ಘಾಟು ಮೆಷಿನ್‌ನ ಗಾಳಿ ಫಿಲ್ಟರಿನಲ್ಲೇ ಕೂತುಬಿಡುತ್ತದೆ, ಮಾಸ್ಕ್ ಹಾಕಿದರೆ ನೇರ ಗಂಟಲಿಗೆ. ಬ್ಯಾಡಗಿ ಲೋಡ್ ಇಳಿಸಿದ ಮೇಲೆ ಪ್ರತಿ ಸಲ ಫಿಲ್ಟರ್ ಬದಲಾಯಿಸುತ್ತೇನೆ. ಬೇಸಿಗೆಯಲ್ಲಿ ಮಾಸ್ಕ್ ಕೆಳಗೆ ಬೆವರು ಇಳಿದು ಜಾರುತ್ತದೆ. ಈಗ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಇರಲೇಬೇಕು ಅಂತ ನಿಯಮ ಬಂದಿದೆ. ನಾನು ಓಡಿಸುವುದು ಹಳೇ ಗಾಡಿ, ಸಣ್ಣ ಫ್ಯಾನ್ ಕಟ್ಟಿಕೊಂಡಿದ್ದೇನೆ.

ಮೊದಲು ನಾನಿದ್ದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಮೆಷಿನ್ ವಿಷಯ ಹೇಳಿದ್ದೆ. "ಕಾಯಿಲೆ ಡ್ರೈವರ್ ನಮಗೆ ಬೇಡ" ಅಂದರು. ಅದು ಇವತ್ತಿಗೂ ನೋಯುತ್ತದೆ. ಮೆಷಿನ್ ಇಲ್ಲದೆ, ತಪಾಸಣೆ ಇಲ್ಲದೆ, ಗಂಟೆಗೆ 40 ಸಲ ಉಸಿರು ಕಟ್ಟಿಕೊಂಡು ಓಡಿಸುತ್ತಿರುವವನು ಅವರಿಗೆ ಆರೋಗ್ಯವಂತ, ಚಿಕಿತ್ಸೆ ತೆಗೆದುಕೊಂಡವನು ಕಾಯಿಲೆಯವನು! ಲೈಸೆನ್ಸ್ ಫಾರಂನಲ್ಲೂ ಮೂರ್ಛೆ ರೋಗ ಇದೆಯಾ, ಇದ್ದಕ್ಕಿದ್ದ ಹಾಗೆ ಎಚ್ಚರ ತಪ್ಪುತ್ತಾ ಅಂತ ಕೇಳುತ್ತಾರೆ, ಗೊರಕೆ ಬಗ್ಗೆ ಕೇಳುವುದಿಲ್ಲ. ಕೇಳಬೇಕು ಅಂತ ನನ್ನ ಅಭಿಪ್ರಾಯ. ಈಗಿನ ಮಾಲೀಕರು ಬೇರೆ ಥರ. ಎಲ್ಲಾ ಹೇಳಿದೆ, ರಾತ್ರಿ 2ರಿಂದ 5ರವರೆಗೆ ನಾನು ಗಾಡಿ ಓಡಿಸುವುದಿಲ್ಲ ಅಂತಲೂ ಹೇಳಿದೆ. ಒಪ್ಪಿದರು. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಆದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಅಂತ 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ ಇತ್ತು, ಎಷ್ಟು ಜನ ಡ್ರೈವರ್‌ಗಳಿಗೆ ಗೊತ್ತಿತ್ತು?

ಇನ್ನೊಂದು ಮಾತು, ಕೆಲವರಿಗೆ ಬೇಜಾರಾಗಬಹುದು. ಗಾಡಿ ನಿಲ್ಲಿಸಿ ನಿದ್ದೆಗೆ ಅಂತ ಕ್ವಾರ್ಟರ್ ಹಾಕುವವರಿದ್ದಾರೆ. ಮದ್ಯ ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ, ಉಸಿರು ಕಟ್ಟುವುದು ಜಾಸ್ತಿ ಆಗುತ್ತದೆ. ನಿದ್ದೆ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನುಂಗಬೇಡಿ. ಟೀ, ಗುಟ್ಕಾ, ಮುಖಕ್ಕೆ ತಣ್ಣೀರು, ಹಸಿಮೆಣಸಿನಕಾಯಿ ಕಚ್ಚುವುದು, ಎಲ್ಲಾ ಮಾಡಿ ನೋಡಿದವನು ನಾನು. ಹತ್ತು ನಿಮಿಷಕ್ಕಿಂತ ಯಾವುದೂ ನಿಲ್ಲಲಿಲ್ಲ.

ಈಗ ಮೆಷಿನ್ ಪರದೆ ಮೇಲೆ ಬೆಳಿಗ್ಗೆ ಉಸಿರು ಕಟ್ಟಿದ ಲೆಕ್ಕ ಬರುತ್ತದೆ, ಗಂಟೆಗೆ 3, 4. ಬಿಪಿ ಮಾತ್ರೆ ಒಂದು ಕಡಿಮೆ ಆಗಿದೆ.

ಹೋದ ತಿಂಗಳು ಹರಿಹರದ ಹತ್ತಿರ ಡಾಬಾದಲ್ಲಿ ನನಗಿಂತ ಹಿರಿಯ ಡ್ರೈವರ್ ಒಬ್ಬರು ಕ್ಯಾಬಿನ್‌ನಲ್ಲಿ ಮಾಸ್ಕ್ ನೋಡಿ ವಿಚಾರಿಸಿದರು. ಮನೆಯವರಿಗೆ ಹೇಳಿ ರಾತ್ರಿ ಮಲಗಿದಾಗ ಮೊಬೈಲ್‌ನಲ್ಲಿ ವಿಡಿಯೋ ತೆಗೆಸಿ ಅಂದೆ. ಮೊನ್ನೆ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಜೋರು ಗೊರಕೆ, ಆಮೇಲೆ ಎಲ್ಲಾ ಸ್ತಬ್ಧ. ಗಡಿಯಾರ ಹಿಡಿದು ಎಣಿಸಿದೆ, 38 ಸೆಕೆಂಡು ಉಸಿರಿಲ್ಲ. ಸೋಮವಾರ ನನಗೆ ಲೋಡ್ ಇಲ್ಲ, ಅವರನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದೇನೆ.