ಮಗನ ಕಾರಿಗೆ ಟ್ರ್ಯಾಕರ್ ಹಾಕಿಸಬೇಕೇ?

ಮೈಸೂರಿನಲ್ಲಿ ಕಾರು ಕಲಿಸುವ ನನಗೆ ಈಚೆಗೆ ತಂದೆತಾಯಿಗಳಿಂದ ಹೆಚ್ಚಾಗಿ ಎದುರಾಗುತ್ತಿರುವ ಪ್ರಶ್ನೆ ಕ್ಲಚ್ಚಿಗೆ ಸಂಬಂಧಿಸಿದ್ದಲ್ಲ, ಆರ್‌ಟಿಒ ಪರೀಕ್ಷೆಗೆ ಸಂಬಂಧಿಸಿದ್ದೂ ಅಲ್ಲ. ಮಗನಿಗೋ ಮಗಳಿಗೋ ಡಿಎಲ್ ಕೈಗೆ ಬರುವ ಹೊತ್ತಿಗೆ ಅವರು ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದು, "ಸರ್, ಗಾಡಿಗೆ ಒಂದು ಜಿಪಿಎಸ್ ಹಾಕಿಸಿಬಿಡೋಣವೇ? ಎಲ್ಲಿ ಹೋಗುತ್ತಾನೆ, ಹೇಗೆ ಓಡಿಸುತ್ತಾನೆ ಎಲ್ಲವೂ ನಮ್ಮ ಫೋನಿನಲ್ಲೇ ಕಾಣುತ್ತದಂತೆ" ಎಂದು ಕೇಳುತ್ತಾರೆ. ನಾನು ಕೊಡುವ ಉತ್ತರ ಇದು: ಹಾಕಿಸಿ, ಆದರೆ ಮಗನಿಗೆ ಹೇಳಿಯೇ ಹಾಕಿಸಿ, ಅವನ ವೇಗವನ್ನು ನೋಡಿ, ಅವನು ಹೋದ ಜಾಗಗಳನ್ನು ನೋಡುತ್ತ ಕೂರಬೇಡಿ, ತೆಗೆಸುವ ದಿನವನ್ನು ಹಾಕಿಸುವ ದಿನವೇ ಗೊತ್ತುಮಾಡಿಕೊಳ್ಳಿ. ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲವಾದ್ದರಿಂದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಸಾಧನ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಿರಬೇಕು. ಅಂಗೈಯಲ್ಲಿ ಹಿಡಿಸುವ ಈ ಪೆಟ್ಟಿಗೆಯೊಳಗೆ ಉಪಗ್ರಹಗಳ ಸಂಕೇತವನ್ನು ಹಿಡಿಯುವ ಒಂದು ರಿಸೀವರ್ ಮತ್ತು ಒಂದು ಸಿಮ್ ಇರುತ್ತವೆ. ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ಅದು ಕೆಲವು ಸೆಕೆಂಡುಗಳಿಗೊಮ್ಮೆ ಲೆಕ್ಕ ಹಾಕಿ, ಮೊಬೈಲ್ ನೆಟ್‌ವರ್ಕಿನ ಮೂಲಕ ಕಂಪನಿಯ ಸರ್ವರಿಗೆ ಕಳುಹಿಸುತ್ತದೆ. ಅಲ್ಲಿಂದ ಅದು ನಿಮ್ಮ ಫೋನಿನ ನಕ್ಷೆಯ ಮೇಲೆ ಒಂದು ಚುಕ್ಕಿಯಾಗಿ ಕಾಣಿಸಿಕೊಳ್ಳುತ್ತದೆ. ಕೆಲವನ್ನು ಬ್ಯಾಟರಿಯ ವೈರಿಗೆ ಜೋಡಿಸುತ್ತಾರೆ, ಕೆಲವನ್ನು ಸ್ಟಿಯರಿಂಗಿನ ಕೆಳಗಿರುವ ಒಬಿಡಿ ಸಾಕೆಟ್ಟಿಗೆ, ಅಂದರೆ ಮೆಕ್ಯಾನಿಕ್ ಗಾಡಿಯ ದೋಷ ಪತ್ತೆಮಾಡಲು ಬಳಸುವ ಕಿಂಡಿಗೆ, ಸಿಕ್ಕಿಸಿದರೆ ಸಾಕು. 2019ರಲ್ಲಿ ಹುಂಡೈ ವೆನ್ಯೂ ಇಂತಹ ಸೌಲಭ್ಯವನ್ನು ಕಾರಿನೊಳಗೇ ಅಳವಡಿಸಿಕೊಂಡು ಬಂದಿತು. ಈಗ ಹಲವು ಕಂಪನಿಗಳ ಕಾರುಗಳಲ್ಲಿ, ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿಯೂ ಅದು ಇದೆ. ಗೊತ್ತುಮಾಡಿದ ವೇಗ ಮೀರಿದರೆ, ನಕ್ಷೆಯ ಮೇಲೆ ನೀವೇ ಎಳೆದ ಗಡಿಯನ್ನು ಗಾಡಿ ದಾಟಿದರೆ, ರಾತ್ರಿ ಹೊತ್ತು ಇಂಜಿನ್ ಚಾಲೂ ಆದರೆ ನಿಮ್ಮ ಫೋನಿಗೆ ಸೂಚನೆ ಬರುತ್ತದೆ.

ಇವೆಲ್ಲ ಮುಖ್ಯವಾಗಿ ಗಾಡಿ ಕಳುವಾಗದಿರಲಿ, ಬಾಡಿಗೆ ಚಾಲಕ ದಾರಿ ತಪ್ಪದಿರಲಿ ಎಂಬ ಉದ್ದೇಶದಿಂದ ಹುಟ್ಟಿದ ವಸ್ತುಗಳು. ಆದ್ದರಿಂದಲೇ ಗಾಡಿ ಎಲ್ಲಿದೆ ಎಂಬುದನ್ನು ಬಹಳ ಚೆನ್ನಾಗಿ ಹೇಳುತ್ತವೆ, ಹೇಗೆ ಓಡುತ್ತಿದೆ ಎಂಬುದನ್ನು ಮಾತ್ರ ಅರೆಬರೆಯಾಗಿ ಹೇಳುತ್ತವೆ. ಹೊಸ ಚಾಲಕನ ವಿಷಯದಲ್ಲಿ ನಮಗೆ ಬೇಕಾದದ್ದು ಇದರ ತಿರುಗುಮುರುಗು. ಮಗ ಚಾಮುಂಡಿ ಬೆಟ್ಟಕ್ಕೆ ಹೋದನೋ ಶ್ರೀರಂಗಪಟ್ಟಣಕ್ಕೆ ಹೋದನೋ ಎಂಬುದರಲ್ಲಿ ಅಪಾಯವಿಲ್ಲ; ಯಾವ ವೇಗದಲ್ಲಿ, ಯಾವ ಹೊತ್ತಿನಲ್ಲಿ, ಯಾರನ್ನು ಕೂರಿಸಿಕೊಂಡು ಹೋದ ಎಂಬುದರಲ್ಲಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 71ಕ್ಕಿಂತ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಅಲ್ಲಿ ಏನಾಯಿತೆಂಬುದನ್ನು ಈ ಭಾಗದವರಿಗೆ ನಾನು ವಿವರಿಸಬೇಕಾಗಿಲ್ಲ. ಅದೇ ವರ್ಷ ಆಗಸ್ಟಿನಿಂದ ಬೈಕು, ಆಟೋಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರೋಡಿಗೆ ಇಳಿಸಬೇಕಾಯಿತು, ಕ್ಯಾಮೆರಾಗಳನ್ನು ಹಾಕಬೇಕಾಯಿತು, 2024ರ ಆಗಸ್ಟಿನಿಂದ 130 ಕಿ.ಮೀ. ವೇಗ ಮೀರಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಹೇಳಬೇಕಾಯಿತು.

ವೇಗದ ಸೂಚನೆ ಫೋನಿಗೆ ಬಂದೊಡನೆ ಮನೆಯಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಯಾವ ಅಂಗಡಿಯವರೂ ಎಚ್ಚರಿಸುವುದಿಲ್ಲ. ತಾಯಿಯೋ ತಂದೆಯೋ ತಕ್ಷಣ ಮಗನಿಗೆ ಫೋನ್ ಮಾಡುತ್ತಾರೆ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಫೋನು ಯಾರದೆಂದು ನೋಡಲು ಎರಡು ಸೆಕೆಂಡು ಕಣ್ಣು ತಗ್ಗಿಸಿದರೆ ಐವತ್ತು ಮೀಟರಿಗೂ ಹೆಚ್ಚು ದೂರವನ್ನು ಅವನು ರಸ್ತೆ ನೋಡದೆ ಕ್ರಮಿಸಿರುತ್ತಾನೆ. ಅಪಾಯವನ್ನು ತಡೆಯಲು ಹಾಕಿಸಿದ ಸಾಧನವೇ ಅಪಾಯವನ್ನು ಕಾರಿನೊಳಕ್ಕೆ ಕರೆದುಕೊಂಡು ಬರುವುದು ಹೀಗೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ನೆಟ್‌ವರ್ಕ್ ಇಲ್ಲದ ಕಡೆ ಚುಕ್ಕಿ ನಿಂತುಬಿಟ್ಟಾಗಲೂ ಇದೇ ಕಥೆ. ಅಲ್ಲಿ ನಿಂತಿರುವುದು ಗಾಡಿಯಲ್ಲ, ಮಾಹಿತಿ. ಸಂಪರ್ಕ ಸಿಕ್ಕಮೇಲೆ ಒಳ್ಳೆಯ ಸಾಧನಗಳು ತಡೆಹಿಡಿದುಕೊಂಡಿದ್ದನ್ನೆಲ್ಲ ಒಟ್ಟಿಗೆ ಕಳುಹಿಸುತ್ತವೆ. ಅಷ್ಟರೊಳಗೆ ಘಾಟಿಯ ತಿರುವುಗಳಲ್ಲಿ ಸಿಗ್ನಲ್ ಬಂದುಹೋದಾಗಲೆಲ್ಲ ಮಗನ ಫೋನು ಹೊಡೆದುಕೊಳ್ಳುತ್ತಿರುತ್ತದೆ. ಟ್ರ್ಯಾಕರ್ ಹಾಕಿಸುವವರಿಗೆ ನಾನು ಹಾಕುವ ಮೊದಲ ಷರತ್ತೇ ಇದು: ಗಾಡಿ ಚಲಿಸುತ್ತಿರುವಷ್ಟು ಹೊತ್ತು ಫೋನ್ ಮಾಡಕೂಡದು.

ಹಾಗಾದರೆ ಸೂಚನೆಯಿಂದ ಪ್ರಯೋಜನವೇನು ಎಂದರೆ, ಅದು ಮೊದಲು ಹೋಗಬೇಕಾದದ್ದು ಓಡಿಸುತ್ತಿರುವವನಿಗೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಈ ವಿಷಯದಲ್ಲಿ ನಾನು ಬಹಳ ಸಲ ಉದಾಹರಿಸುತ್ತೇನೆ. 16, 17 ವಯಸ್ಸಿನ ಹೊಸ ಚಾಲಕರ ಗಾಡಿಗಳಲ್ಲಿ 24 ವಾರ ಇಂತಹ ಸಾಧನವಿಟ್ಟು ಅವರು ಪರೀಕ್ಷಿಸಿದರು. ವೇಗ ನಿಜವಾಗಿ, ಸ್ಥಿರವಾಗಿ ತಗ್ಗಿದ್ದು ಒಂದೇ ಬಗೆಯ ವ್ಯವಸ್ಥೆಯಲ್ಲಿ: ವೇಗ ಮೀರಿದೊಡನೆ ಗಾಡಿಯೊಳಗೆ ಎಚ್ಚರಿಕೆ ಮೊಳಗಬೇಕು, ತಕ್ಷಣ ತಗ್ಗಿಸಿಕೊಂಡರೆ ಅದು ಮನೆಗೆ ವರದಿಯಾಗುವುದಿಲ್ಲ ಎಂಬ ನಂಬಿಕೆ ಹುಡುಗನಿಗೆ ಇರಬೇಕು, ತಗ್ಗಿಸದಿದ್ದರೆ ಮಾತ್ರ ತಂದೆತಾಯಿಗೆ ವರದಿ ಹೋಗಬೇಕು. ಕಾಲೇಜಿನ ಹುಡುಗರನ್ನು ಬಲ್ಲ ಯಾರಿಗೂ ಇದು ಆಶ್ಚರ್ಯವೆನಿಸದು. ಹೇಗಿದ್ದರೂ ಬೈಗುಳ ತಪ್ಪಿದ್ದಲ್ಲ ಎಂದು ಖಾತ್ರಿಯಾದವನು ವೇಗ ತಗ್ಗಿಸುವುದೇಕೆ?

ಇದನ್ನು ನಮ್ಮಲ್ಲಿ ಮಾಡುವುದು ಕಷ್ಟವೇನಲ್ಲ. 2019ರ ಜುಲೈಯಿಂದ ಇಲ್ಲಿ ತಯಾರಾಗುವ ಕಾರುಗಳಲ್ಲಿ 80 ಕಿ.ಮೀ. ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಸದ್ದು ಮಾಡುವ ಎಚ್ಚರಿಕೆ ಕಡ್ಡಾಯವಾಗಿ ಇರುತ್ತದೆ. ಆ ಸದ್ದು ಮುಳುಗದ ಹಾಗೆ ಹಾಡಿನ ವಾಲ್ಯೂಮ್ ತಗ್ಗಿಸಿ ಓಡಿಸುವುದೇ ಮೊದಲ ಒಪ್ಪಂದವಾಗಲಿ. ಆ್ಯಪಿನ ವೇಗಮಿತಿಯನ್ನು ಅದಕ್ಕಿಂತ ಸ್ವಲ್ಪ ಮೇಲೆ, ಉದಾಹರಣೆಗೆ 90ಕ್ಕೆ ಇಟ್ಟರೆ, ಕಾರು ಎಚ್ಚರಿಸಿದಾಗ ತಗ್ಗಿಸಿಕೊಂಡವನ ವಿಷಯ ನಿಮ್ಮವರೆಗೆ ಬರುವುದೇ ಇಲ್ಲ. ಬಂದದ್ದನ್ನು ಭಾನುವಾರ ಬೆಳಿಗ್ಗೆ ಇಬ್ಬರೂ ಕೂತು ನೋಡಿ. ಯಾವ ರಸ್ತೆ, ಯಾಕೆ ಹಾಗಾಯಿತು ಎಂದು ಕೇಳಿ. ಟ್ರಕ್ಕನ್ನು ಓವರ್‌ಟೇಕ್ ಮಾಡಿ ಮುಗಿಸಲು ವೇಗ ಹೆಚ್ಚಿಸಿದ್ದಕ್ಕೂ ರಿಂಗ್ ರೋಡಿನಲ್ಲಿ ಗೆಳೆಯನ ಜೊತೆ ಪಂದ್ಯ ಕಟ್ಟಿದ್ದಕ್ಕೂ ಆ್ಯಪಿನಲ್ಲಿ ಕಾಣುವುದು ಒಂದೇ ಕೆಂಪು ಗುರುತು. ಸಾಧಾರಣ ಟ್ರ್ಯಾಕರಿಗೆ ರಸ್ತೆಯ ಪರಿಚಯವಿಲ್ಲ ಎಂಬುದನ್ನೂ ಮರೆಯಬಾರದು. ದೇವರಾಜ ಮಾರುಕಟ್ಟೆಯ ಬದಿಯಲ್ಲಿ 50ರಲ್ಲಿ ಹೋಗುವವನು ಹೆದ್ದಾರಿಯಲ್ಲಿ 90ರಲ್ಲಿ ಹೋಗುವವನಿಗಿಂತ ಹೆಚ್ಚು ಅಪಾಯಕಾರಿ. ಸಾಧನದ ಲೆಕ್ಕದಲ್ಲಿ ಮಾತ್ರ ಅವನು ಸಭ್ಯ.

ಸಾಧನಕ್ಕೆ ಕಾಣದಿರುವುದು ಇನ್ನೂ ಎಷ್ಟೋ ಇದೆ: ಹಿಂದಿನ ಸೀಟಿನಲ್ಲಿ ಎಷ್ಟು ಜನ ಗೆಳೆಯರಿದ್ದಾರೆ, ಸ್ಕೂಟರಿನಲ್ಲಿ ಹೆಲ್ಮೆಟ್ ತಲೆಯ ಮೇಲಿದೆಯೋ ಕೈಗೆ ತೂಗುಬಿದ್ದಿದೆಯೋ, ಫೋನು ಜೇಬಿನಲ್ಲಿದೆಯೋ ಕೈಯಲ್ಲಿದೆಯೋ. ಗೆಳೆಯರ ಸಂಗತಿಯಂತೂ ಬಹಳ ದೊಡ್ಡದು. ಅಮೆರಿಕದ ರಾಜ್ಯಗಳಲ್ಲಿ ಹದಿಹರೆಯದವರಿಗೆ ಪೂರ್ತಿ ಲೈಸೆನ್ಸನ್ನು ಒಮ್ಮೆಲೇ ಕೊಡುವುದಿಲ್ಲ. 1996ರಲ್ಲಿ ಫ್ಲಾರಿಡಾದಿಂದ ಶುರುವಾದ ಹಂತಹಂತದ ಪದ್ಧತಿಯಲ್ಲಿ ಮೊದಲ ಕೆಲವು ತಿಂಗಳು ರಾತ್ರಿ ಓಡಿಸುವುದಕ್ಕೆ, ಬಹುತೇಕ ಕಡೆ ಗೆಳೆಯರನ್ನು ಕೂರಿಸಿಕೊಳ್ಳುವುದಕ್ಕೂ ಮಿತಿಯಿರುತ್ತದೆ. ನ್ಯೂಜೆರ್ಸಿಯಲ್ಲಿ 2010ರಿಂದ ಎಳೆಯ ಚಾಲಕರ ನಂಬರ್ ಪ್ಲೇಟಿಗೆ ಕೆಂಪು ಗುರುತನ್ನೂ ಅಂಟಿಸಬೇಕು. ನಮ್ಮಲ್ಲಿ ಎಲ್‌ಎಲ್‌ಆರ್ ಇರುವವರೆಗೆ ಮಾತ್ರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಇರಬೇಕು, ಎಲ್ ಬೋರ್ಡ್ ಇರಬೇಕು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಯಲು ನಿಯಮ ಹೇಳುವುದು ಕನಿಷ್ಠ 21 ದಿನ, 10 ಗಂಟೆಯ ಚಾಲನೆ. ಅದಾಗಿ ಪರೀಕ್ಷೆ ಪಾಸಾದ ಮರುದಿನವೇ ಅವನು ನಾಲ್ಕು ಜನರನ್ನು ಕೂರಿಸಿಕೊಂಡು ನಡುರಾತ್ರಿ ಬೆಂಗಳೂರಿಗೆ ಹೊರಟರೂ ಕಾನೂನಿನ ಅಡ್ಡಿಯಿಲ್ಲ. ಕಲಿಸುವ ಕಾರಿನಲ್ಲಿ ನನ್ನ ಕಾಲಡಿ ಇನ್ನೊಂದು ಬ್ರೇಕ್ ಇರುತ್ತದೆ ಎಂಬ ಧೈರ್ಯದಿಂದ ಓಡಿಸಿದ ಹತ್ತು ಗಂಟೆಗಳಿಗೆ ಅಷ್ಟು ಬೆಲೆ ಕಟ್ಟುವುದನ್ನು ನಾನಂತೂ ಒಪ್ಪುವುದಿಲ್ಲ. ಸರ್ಕಾರ ಹಾಕದ ಮಿತಿಯನ್ನು ಮನೆಯವರು ಹಾಕಬಹುದು: ಆರು ತಿಂಗಳು ರಾತ್ರಿ ಒಂಬತ್ತರ ಮೇಲೆ ಬೇಡ, ಗೆಳೆಯರು ಒಬ್ಬರಿಗಿಂತ ಹೆಚ್ಚು ಬೇಡ, ಮಳೆಯಲ್ಲಿ ಹೆದ್ದಾರಿ ಬೇಡ. ಟ್ರ್ಯಾಕರಿಗೆ ಹಾಕುವ ದುಡ್ಡಿನಲ್ಲಿ ಹೆದ್ದಾರಿ ಮತ್ತು ರಾತ್ರಿ ಚಾಲನೆಯ ಕೆಲವು ಪಾಠಗಳನ್ನು ಕೊಡಿಸಿ ಎಂದೂ ಹೇಳುತ್ತೇನೆ. ನನ್ನ ಹೊಟ್ಟೆಪಾಡಿನ ಮಾತು ಎಂದು ಯಾರಾದರೂ ನಕ್ಕರೆ ನಗಲಿ.

ಕೆಲವರು ಹದಿನೇಳು ವರ್ಷದವನಿಗೂ ಟ್ರ್ಯಾಕರ್ ಕೇಳುತ್ತಾರೆ. ಅವನಿಗೆ ಬೇಕಾದದ್ದು ಟ್ರ್ಯಾಕರ್ ಅಲ್ಲ, ಕಾರಿನ ಕೀಲಿ ಕೈಗೆ ಸಿಗದಿರುವುದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನನಗೆ ತಿಳಿಯದೆ ನಡೆಯಿತು ಎಂದು ಸಾಬೀತು ಮಾಡಿದರೆ ಪೋಷಕರಿಗೆ ಬಿಡುಗಡೆಯುಂಟು. ಮಗ ಹೋದ ದಾರಿಯನ್ನೆಲ್ಲ ಫೋನಿನಲ್ಲಿ ನೋಡುತ್ತಿದ್ದವರು ಆ ಮಾತನ್ನು ಯಾವ ಬಾಯಿಂದ ಹೇಳುವುದು?

ಹದಿನೆಂಟು ತುಂಬಿದವರ ವಿಷಯದಲ್ಲಿ ತೊಡಕು ಬೇರೆ. ಡಿಎಲ್ ಸಿಗುವ ವಯಸ್ಸಿಗೇ ಅವರು ಕಾನೂನಿನ ಕಣ್ಣಿಗೆ ವಯಸ್ಕರು, ಮತದಾರರು. ಸೀಟಿನ ಕೆಳಗೆ ಗುಟ್ಟಾಗಿ ಬಚ್ಚಿಟ್ಟ ಪೆಟ್ಟಿಗೆ ಒಂದಲ್ಲ ಒಂದು ದಿನ ಅವರ ಕೈಗೆ ಸಿಕ್ಕೇ ಸಿಗುತ್ತದೆ. ಸಿಕ್ಕ ಮೇಲೆ ಅವರು ಅದನ್ನು ಕಿತ್ತುಹಾಕುವುದಿಲ್ಲ. ಗೆಳೆಯನ ಗಾಡಿಯಲ್ಲಿ ಹೋಗಲು ಶುರುಮಾಡುತ್ತಾರೆ, ಆ ಗಾಡಿಯ ಬಗ್ಗೆ ನಿಮಗೆ ಏನೂ ಗೊತ್ತಿರುವುದಿಲ್ಲ. ಇನ್ನೊಂದನ್ನು ಹೇಳದೆ ಇರಲಾರೆ. ಮಗನಿಗೆ ಹಾಕಿಸುವಾಗ "ಎಷ್ಟು ಸ್ಪೀಡಿನಲ್ಲಿ ಹೋಗುತ್ತಾನೆ" ಎಂದು ಕೇಳುವವರೇ ಮಗಳಿಗೆ ಹಾಕಿಸುವಾಗ "ಎಲ್ಲೆಲ್ಲಿ ಹೋಗುತ್ತಾಳೆ" ಎಂದು ಕೇಳುತ್ತಾರೆ. ನನ್ನಲ್ಲಿ ಕಲಿತ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಹುಡುಗರಿಗಿಂತ ತಾಳ್ಮೆಯಿಂದ ಓಡಿಸುವವರು. ಅವರ ಸ್ಕೂಟರಿನ ಚುಕ್ಕಿಯನ್ನು ಹಿಡಿದು ವಿಚಾರಣೆ ನಡೆಸುವುದಕ್ಕೂ ರಸ್ತೆ ಸುರಕ್ಷತೆಗೂ ಸಂಬಂಧವಿಲ್ಲ. ಅಂತಹ ಉದ್ದೇಶಕ್ಕೆ ನನ್ನ ಸಲಹೆಯನ್ನು ನೆಪ ಮಾಡಿಕೊಳ್ಳಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಗಾಡಿ ಕೆಟ್ಟು ನಿಂತರೆ ತಾನಿರುವ ಜಾಗವನ್ನು ಅವಳೇ ವಾಟ್ಸ್ಆ್ಯಪಿನಲ್ಲಿ ಕಳುಹಿಸಬಲ್ಲಳು.

ಕೊಳ್ಳುವವರಿಗೆ ಎರಡು ತಾಂತ್ರಿಕ ಎಚ್ಚರಿಕೆಗಳಿವೆ. ಅಗ್ಗದ ಹಲವು ಟ್ರ್ಯಾಕರುಗಳ ಜೊತೆ ಒಂದು ರಿಲೇ ಬರುತ್ತದೆ. ಅದನ್ನು ಜೋಡಿಸಿದರೆ ಫೋನಿನಿಂದಲೇ ಇಂಜಿನ್ ಬಂದ್ ಮಾಡಬಹುದು. ಕೋಪದಲ್ಲಿಯೋ ಗಾಬರಿಯಲ್ಲಿಯೋ ಓಡುತ್ತಿರುವ ಕಾರಿನ ಇಂಜಿನ್ ನಿಲ್ಲಿಸಿದರೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಸಿಗುವ ನೆರವು ಎರಡು ಮೂರು ತುಳಿತದಲ್ಲಿ ಮುಗಿದುಹೋಗುತ್ತದೆ. ಆ ರಿಲೇಯನ್ನು ಜೋಡಿಸಲೇಬೇಡಿ ಎಂದು ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ವೈರ್ ಕತ್ತರಿಸಿ ಜೋಡಿಸುವ ಸಾಧನಗಳಿಂದ ವಾರಂಟಿಗೂ ತೊಂದರೆಯಾಗಬಹುದು. ಎರಡನೆಯದು ಮಾಹಿತಿಯದು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ತನ್ನ ಗ್ರಾಹಕರ ಚಾಲನೆಯ ವಿವರಗಳನ್ನು ದತ್ತಾಂಶ ಕಂಪನಿಗಳಿಗೆ ಕೊಟ್ಟಿತ್ತು, ಅವು ವಿಮಾ ಕಂಪನಿಗಳಿಗೆ ತಲುಪುತ್ತಿದ್ದವು ಎಂಬುದು 2024ರಲ್ಲಿ ಬಯಲಾಗಿ, ಮುಂದಿನ ವರ್ಷ ಅಲ್ಲಿನ ವ್ಯಾಪಾರ ಆಯೋಗ ಕ್ರಮ ಕೈಗೊಂಡಿತು. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವೂ 2022ರ ಜುಲೈಯಲ್ಲಿ ಓಡಿಸುವ ರೀತಿಗೆ ತಕ್ಕ ಪ್ರೀಮಿಯಮ್ಮಿಗೆ ಅನುಮತಿ ಕೊಟ್ಟಿದೆ. ಮಗನ ಮೊದಲ ವರ್ಷದ ತಪ್ಪುಗಳು ಯಾರ ಸರ್ವರಿನಲ್ಲಿ, ಎಷ್ಟು ಕಾಲ ಇರುತ್ತವೆ, ಅಳಿಸಲು ಬರುತ್ತದೆಯೇ ಎಂದು ದುಡ್ಡು ಕೊಡುವ ಮೊದಲು ಕೇಳಿ. ಉತ್ತರ ಸಿಗದಿದ್ದರೆ ಬೇರೆ ಅಂಗಡಿ ನೋಡಿ.

ಇನ್ನು ಎಷ್ಟು ಕಾಲ ಎಂಬ ಮಾತು. ಆರು ತಿಂಗಳು ಸಾಕೆಂದು ನನ್ನ ಅಭಿಪ್ರಾಯ, ಹೆಚ್ಚೆಂದರೆ ಒಂದು ವರ್ಷ. ಸತತ ಎರಡು ತಿಂಗಳು ವೇಗದ ಸೂಚನೆ ಬಾರದಿದ್ದರೆ ಅವಧಿಗೆ ಮೊದಲೇ ತೆಗೆಸಬಹುದು ಎಂದು ಒಪ್ಪಂದದಲ್ಲೇ ಸೇರಿಸಿ. ಹುಡುಗರು ಅಂತಹ ಗುರಿಗೆ ಸುಲಭವಾಗಿ ಬೀಳುತ್ತಾರೆ. ಕಾರಿನಲ್ಲೇ ಬಂದ ಆ್ಯಪಾದರೆ ಗಡಿ ಮತ್ತು ವೇಗದ ಸೂಚನೆಗಳನ್ನು ಅವನ ಎದುರಿಗೇ ಬಂದ್ ಮಾಡಿ, ಕಳ್ಳತನದ ಸೂಚನೆಯನ್ನು ಮಾತ್ರ ಉಳಿಸಿಕೊಂಡು, ಲಾಗಿನ್ ಅನ್ನು ಅವನ ಫೋನಿಗೂ ಕೊಡಿ. ಆಮೇಲೆ ಅದೇ ಕಾರನ್ನು ಅಪ್ಪ ಓಡಿಸಿದಾಗಿನ ವೇಗವೂ ಅವನಿಗೆ ಕಾಣುತ್ತದೆ ಎಂಬುದನ್ನು ಹಲವು ತಂದೆಯರು ಯೋಚಿಸಿರುವುದಿಲ್ಲ.