ಯಾರ್ಕ್‌ನಿಂದ ಡಬ್ಲಿನ್‌ವರೆಗೆ: ಬಾಡಿಗೆ ಮನೆ ಗೊತ್ತುಮಾಡುವ ಮುನ್ನ

ಯಾರ್ಕ್, ಎಡಿನ್‌ಬರೋ, ಗ್ಲಾಸ್ಗೋ ಮತ್ತು ಡಬ್ಲಿನ್ ನಗರಗಳನ್ನು ಬಾಡಿಗೆ ಮನೆಗಳಲ್ಲಿ ಉಳಿದು ನೋಡಬೇಕೆಂದಿರುವವರು, ಅದರಲ್ಲೂ ನಮ್ಮಂತೆ ಮಂಡಿನೋವಿರುವ ಹಿರಿಯರೊಂದಿಗೆ ಹೊರಡುವವರು, ಮನೆಯ ಚಿತ್ರಗಳಿಗಿಂತ ಮೊದಲು ಅದರ ವಿವರಣೆಯಲ್ಲಿರುವ ಪದಗಳನ್ನು ಓದಿಕೊಳ್ಳುವುದು ಒಳ್ಳೆಯದು. ಇಂಗ್ಲಿಷೇ ಆದರೂ ಮನೆಯ ಮಾತು ಊರಿಂದೂರಿಗೆ ಬೇರೆಯಾಗುತ್ತದೆ.

ಯಾರ್ಕ್‌ನಲ್ಲಿ ‘ಟೆರೇಸ್ಡ್ ಹೌಸ್’ ಎಂದರೆ ತಾರಸಿ ಮನೆಯಲ್ಲ, ಅಕ್ಕಪಕ್ಕದ ಮನೆಗಳೊಂದಿಗೆ ಗೋಡೆ ಹಂಚಿಕೊಂಡ ಸಾಲುಮನೆ. ಮಲಗುವ ಕೋಣೆಗಳು ಸಾಮಾನ್ಯವಾಗಿ ಮಹಡಿಯಲ್ಲಿರುತ್ತವೆ, ಮೆಟ್ಟಿಲುಗಳೂ ಹಲವೆಡೆ ಕಡಿದಾಗಿರುತ್ತವೆ. ‘ಬಂಗಲೋ’ ಎಂಬುದು ನಮ್ಮ ಬಂಗಲೆಯಂತೆ ಶ್ರೀಮಂತರ ಮನೆಯಲ್ಲ, ಒಂದೇ ಅಂತಸ್ತಿನ ಮನೆ. ಹಿರಿಯರಿದ್ದರೆ ಅದನ್ನೇ ಹುಡುಕಿ.

ಹೆಚ್ಚು ಎಚ್ಚರ ಬೇಕಾಗುವುದು ಸ್ಕಾಟ್ಲೆಂಡಿನಲ್ಲಿ. ಅಲ್ಲಿನ ‘ಟೆನೆಮೆಂಟ್’ ಎಂದರೆ ಮೂರು-ನಾಲ್ಕು ಅಂತಸ್ತಿನ, ಎಲ್ಲರಿಗೂ ಸೇರಿದ ಒಂದೇ ಮೆಟ್ಟಿಲಸಾಲಿನ ಕಲ್ಲುಕಟ್ಟಡ. ಹಳೆಯವುಗಳಲ್ಲಿ ಲಿಫ್ಟ್ ಸಾಮಾನ್ಯವಾಗಿ ಇರುವುದಿಲ್ಲ. ಗ್ಲಾಸ್ಗೋದವರು ಈ ಕಟ್ಟಡದ ಒಳದಾರಿ ಮತ್ತು ಮೆಟ್ಟಿಲಿಗೆ ‘ಕ್ಲೋಸ್’ ಎನ್ನುತ್ತಾರೆ. ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಎಡಿನ್‌ಬರೋದಲ್ಲಿ ಅದಕ್ಕೆ ‘ಸ್ಟೇರ್’ ಎಂದು ಹೆಸರು. ಅಲ್ಲಿ ‘ಕ್ಲೋಸ್’ ಎಂದರೆ ರಾಯಲ್ ಮೈಲ್ ಬೀದಿಯಿಂದ ಕವಲೊಡೆಯುವ ಇಕ್ಕಟ್ಟಾದ ಓಣಿ. ವಿಳಾಸ ಬರೆಯುವ ಕ್ರಮವೂ ಹೀಗೆಯೇ ಬೇರೆ. ಗ್ಲಾಸ್ಗೋದಲ್ಲಿ ‘2/1’ ಎಂದಿದ್ದರೆ ಎರಡನೆಯ ಮಹಡಿಯ ಮೊದಲ ಮನೆ. ಎಡಿನ್‌ಬರೋದಲ್ಲಿ ‘12/5’ ಎಂದಿದ್ದರೆ 12ನೆಯ ನಂಬರಿನ ಕಟ್ಟಡದ 5ನೆಯ ಮನೆ, ಅದರಿಂದ ಮಹಡಿ ಯಾವುದೆಂದು ತಿಳಿಯದು. ಸೂಟ್‌ಕೇಸುಗಳನ್ನು ಹೊತ್ತು ಹತ್ತಬೇಕಾದವರು ನೀವೇ ಆದ್ದರಿಂದ ಬೀದಿಯಿಂದ ಮನೆಬಾಗಿಲಿಗೆ ಎಷ್ಟು ಮೆಟ್ಟಿಲುಗಳಿವೆ ಎಂದು ಮಾಲೀಕರನ್ನು ನೇರವಾಗಿ ಕೇಳಿ. ಎಡಿನ್‌ಬರೋದ ಹಳೆಯ ಪಟ್ಟಣ ಇಳಿಜಾರಿನಲ್ಲಿರುವುದರಿಂದ ಒಂದು ಬೀದಿಯ ಕಡೆಯಿಂದ ನೆಲಮಹಡಿ ಎನಿಸುವುದು ಇನ್ನೊಂದು ಬೀದಿಯಿಂದ ನೋಡಿದರೆ ಹಲವು ಅಂತಸ್ತು ಮೇಲಿರಬಹುದು. ಯಾವ ಬೀದಿಯ ಬಾಗಿಲು ಎಂಬುದನ್ನೂ ವಿಚಾರಿಸಿ.

ಡಬ್ಲಿನ್‌ನಲ್ಲಿ ‘ಪ್ರೆಸ್’ ಎಂದರೆ ಕಪಾಟು. ಲೋಟ ಪ್ರೆಸ್‌ನಲ್ಲಿದೆ ಎಂದರೆ ಅಡುಗೆಮನೆಯ ಕಪಾಟನ್ನು ತೆರೆಯಬೇಕು. ‘ಹಾಟ್ ಪ್ರೆಸ್’ ಎಂಬುದು ಬಿಸಿನೀರಿನ ಸಿಲಿಂಡರ್ ಇರುವ ಕಪಾಟು. ಮೇಲಿನ ಹಲಗೆಗಳಲ್ಲಿ ಟವೆಲ್, ಹಾಸಿಗೆಬಟ್ಟೆಗಳು ಬೆಚ್ಚಗೆ ಇರುತ್ತವೆ. ನೀರು ಕಾಯಿಸುವ ವಿದ್ಯುತ್ ವ್ಯವಸ್ಥೆಗೆ ‘ಇಮ್ಮರ್ಷನ್’ ಎನ್ನುತ್ತಾರೆ. ಅನೇಕ ಮನೆಗಳಲ್ಲಿ ಅದರ ಸ್ವಿಚ್ಚಿಗೆ ‘ಸಿಂಕ್’, ‘ಬಾತ್’ ಎಂಬ ಎರಡು ಆಯ್ಕೆಗಳಿರುತ್ತವೆ: ಮೊದಲನೆಯದು ಸಿಲಿಂಡರಿನ ಮೇಲ್ಭಾಗದ ನೀರನ್ನಷ್ಟೇ ಕಾಯಿಸಿದರೆ, ಎರಡನೆಯದು ಪೂರ್ತಿ ಸಿಲಿಂಡರನ್ನು ಕಾಯಿಸುತ್ತದೆ. ಪಾತ್ರೆ ತೊಳೆಯಲು ‘ಸಿಂಕ್’ ಸಾಕು. ಮನೆಮಂದಿಯೆಲ್ಲ ಸ್ನಾನ ಮಾಡುವುದಿದ್ದರೆ ‘ಬಾತ್’ ಕಡೆಗೆ ತಿರುಗಿಸಿ, ಸಾಕಷ್ಟು ಮೊದಲೇ ಹಾಕಿಟ್ಟು, ನೀರು ಕಾದ ಮೇಲೆ ಮರೆಯದೆ ಆರಿಸಿ.