ಬಣ್ಣ ಚೆನ್ನಾಗೇ ಬಂದಿದೆ, ಆದರೂ ವಿಮಾನ ಆಟದ ಸಾಮಾನಿನ ಹಾಗೆ ಕಾಣುತ್ತದಲ್ಲ, ಯಾಕೆ?

ಈ ಪ್ರಶ್ನೆ ಸಾಮಾನ್ಯವಾಗಿ ಒಂದು ಫೋಟೊದ ಜೊತೆ ಬರುತ್ತದೆ. ಪ್ಲಾಸ್ಟಿಕ್ ಕಿಟ್‌ನಿಂದ ಕಟ್ಟಿದ, 1/72 ಅಳತೆಯ (ನಿಜ ವಿಮಾನದ 72ರಲ್ಲಿ ಒಂದು ಪಾಲಿನ) ಸ್ಪಿಟ್‌ಫೈರ್ ಅಥವಾ ಹರಿಕೇನ್, ಎರಡೂ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನಗಳು. ಮೇಲೆ ಹಸಿರು-ಕಂದು ಪಟ್ಟೆ, ಅಂಚುಗಳೂ ನೀಟಾಗಿಯೇ ಇವೆ. ಕೇಳುವವರು ಉತ್ತರವನ್ನೂ ಅರ್ಧ ಊಹಿಸಿಕೊಂಡಿರುತ್ತಾರೆ: ಬೇರೆ ಕಂಪನಿಯ ಬಣ್ಣ ತಗೊಳ್ಳಬೇಕಾ? ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಲಕರಣೆ) ಇಲ್ಲದೆ ಆಗುವುದಿಲ್ಲವಾ? ನನ್ನ ಉತ್ತರ ಹತ್ತರಲ್ಲಿ ಎಂಟು ಸಲ ಒಂದೇ. ತಪ್ಪು ಬಣ್ಣದಲ್ಲಿಲ್ಲ. ಕಣ್ಣಿಗೆ ಚುಚ್ಚುವ ಜಾಗಕ್ಕೆ ಸ್ಕೇಲ್ ಇಟ್ಟು ಅಳೆಯಿರಿ, ಬಂದದ್ದನ್ನು 72ರಿಂದ ಗುಣಿಸಿ.

ನಿಜವಾದ ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆ ತುದಿಯಿಂದ ತುದಿಗೆ 11.23 ಮೀಟರ್. 1/72ರಲ್ಲಿ ಅದು 15.6 ಸೆಂಟಿಮೀಟರ್. ಕಿಟ್‌ಗಳು ಈ ದೊಡ್ಡ ಅಳತೆಗಳನ್ನು ಬಹುಮಟ್ಟಿಗೆ ಸರಿಯಾಗಿ ಕೊಡುತ್ತವೆ. ಎಡವಟ್ಟಾಗುವುದು ಸಣ್ಣ ಅಳತೆಗಳಲ್ಲಿ. ರೆಕ್ಕೆಯ ಬುಡದಲ್ಲಿ ಅರ್ಧ ಮಿಲಿಮೀಟರ್ ಬಿರುಕು ಉಳಿದಿದ್ದರೆ ನಿಜ ವಿಮಾನದಲ್ಲಿ ಅದು 36 ಮಿಲಿಮೀಟರ್, ಎರಡು ಬೆರಳು ತೂರುವಷ್ಟು ಸಂದು. ರೆಕ್ಕೆಯ ಹಿಂದಂಚು 0.7 ಮಿಲಿಮೀಟರ್ ದಪ್ಪ ಇದ್ದರೆ ಅಲ್ಲಿ 5 ಸೆಂಟಿಮೀಟರ್ ದಪ್ಪದ ಹಲಗೆ. ಕ್ಯಾನೊಪಿಯ (ಪೈಲಟ್‌ನ ತಲೆಯ ಮೇಲಿನ ಪಾರದರ್ಶಕ ಮುಚ್ಚಳದ) ಪ್ಲಾಸ್ಟಿಕ್ 1 ಮಿಲಿಮೀಟರ್ ಇದ್ದರೆ ಪೈಲಟ್ 7 ಸೆಂಟಿಮೀಟರ್ ದಪ್ಪದ ಗಾಜಿನೊಳಗೆ ಕೂತಿದ್ದಾನೆ. ನೋಡುವ ಕಣ್ಣು ಈ ಲೆಕ್ಕ ಹಾಕುವುದಿಲ್ಲ, ಆದರೆ ಏನೋ ಸರಿಯಿಲ್ಲ ಅಂತ ಅದಕ್ಕೆ ತಕ್ಷಣ ಗೊತ್ತಾಗುತ್ತದೆ. 1/48 ಕಟ್ಟುವವರು 48ರಿಂದ ಗುಣಿಸಿಕೊಳ್ಳಿ, ಮಾತು ಅದೇ.

ಎಲ್ಲಕ್ಕಿಂತ ಮೊದಲು ಒಡಲಿನ ಎರಡು ಹೋಳು ಸೇರುವ ಗೆರೆ. ನಿಜ ವಿಮಾನದ ಬೆನ್ನ ಮೇಲೆ ಮೂಗಿನಿಂದ ಬಾಲದವರೆಗೆ ಒಂದೇ ಸೀಳು ಇರುವುದಿಲ್ಲ. ಮಾದರಿಯಲ್ಲಿ ಅದು ಕಂಡರೆ ಮಿಕ್ಕಿದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಅನ್ನುವುದು ಬಯಲಾಗುತ್ತದೆ. ಅದಕ್ಕೇ ನಾಲ್ಕು ದಿನದ ಕೆಲಸದಲ್ಲಿ ಎರಡು ದಿನ ಇದಕ್ಕೇ ಹೋದರೂ ನಷ್ಟವಿಲ್ಲ.

ಸ್ಪ್ರೂಗಳನ್ನು (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು) ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಸವರಿದ ಎಣ್ಣೆಯಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಭಾಗವನ್ನು ನಿಪ್ಪರ್‌ನಿಂದ 1-2 ಮಿಲಿಮೀಟರ್ ಬಿಟ್ಟು ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ತೆಗೆಯಿರಿ. ಬುಡಕ್ಕೇ ಕತ್ತರಿಸಲು ಹೋದರೆ ಪ್ಲಾಸ್ಟಿಕ್ ಕಿತ್ತು ಗುಳಿ ಬೀಳುತ್ತದೆ. ಆಮೇಲೆ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಇಟ್ಟು ಎರಡೂ ಹೋಳಿನ ಅಂಚನ್ನು ನಾಲ್ಕೈದು ಸಲ ಉಜ್ಜಿದರೆ ಅಂಚು ಸಮತಟ್ಟಾಗುತ್ತದೆ. ಅಂಟು ಹಾಕದೆ ಟೇಪಿನಲ್ಲಿ ಕಟ್ಟಿ ನೋಡಿ. ಎಲ್ಲಿ ಬಾಯಿ ಬಿಡುತ್ತದೋ ಅಲ್ಲಿ ಒಳಗಿನ ಪಿನ್ನು ಅಡ್ಡಬಂದಿರುತ್ತದೆ. ಪಿನ್ನು ಕತ್ತರಿಸಿ ಬಿಸಾಡಲು ಹಿಂಜರಿಯಬೇಡಿ, ಅದು ಬರೀ ದಾರಿ ತೋರಿಸುವುದಕ್ಕೆ ಇರುವುದು.

ಅಂಟು ಅಂದರೆ ಇಲ್ಲಿ ನೀರಿನಷ್ಟು ತೆಳುವಾದ ಸಿಮೆಂಟ್, ಉದಾಹರಣೆಗೆ ಟಾಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್. ಇದು ಅಂಟಿಸುವುದಿಲ್ಲ, ಕಿಟ್‌ನ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನನ್ನೇ ಕರಗಿಸಿ ಬೆಸೆಯುತ್ತದೆ. ಎರಡು ಹೋಳು ಒತ್ತಿ ಹಿಡಿದು ಗೆರೆಗೆ ಬ್ರಷ್ ತಾಗಿಸಿದರೆ ಸಾಕು, ತಾನಾಗಿ ಒಳಗೆ ಹರಿಯುತ್ತದೆ. ಹತ್ತು ಸೆಕೆಂಡ್ ಬಿಟ್ಟು ಸ್ವಲ್ಪ ಜೋರಾಗಿ ಅದುಮಿ. ಗೆರೆಯುದ್ದಕ್ಕೂ ಕರಗಿದ ಪ್ಲಾಸ್ಟಿಕ್ ದಾರದಂತೆ ಉಬ್ಬಿ ಬರುತ್ತದೆ. ನಮಗೆ ಬೇಕಾದದ್ದು ಅದೇ. ಒರೆಸಬೇಡಿ, ಬೆರಳು ತಾಗಿಸಬೇಡಿ, ಬೆರಳಚ್ಚು ಪ್ಲಾಸ್ಟಿಕ್ಕಿನಲ್ಲೇ ಉಳಿದುಬಿಡುತ್ತದೆ. ಟೇಪ್ ಇರುವ ಜಾಗದಲ್ಲಿ ಸಿಮೆಂಟ್ ಹಚ್ಚಬೇಡಿ, ಅದು ಟೇಪಿನಡಿ ನುಗ್ಗಿ ಮೈಯನ್ನೇ ತಿನ್ನುತ್ತದೆ. ಟೇಪುಗಳ ನಡುವೆ ಹಚ್ಚಿ, ಹಿಡಿದ ಮೇಲೆ ಟೇಪ್ ತೆಗೆದು ಉಳಿದ ಜಾಗಕ್ಕೆ ಹಚ್ಚಿ. ಒಂದು ಪೂರ್ತಿ ದಿನ ಬಿಡಿ. ಬೇಗ ಉಜ್ಜಿದರೆ ಒಳಗಿನ ಮೆದು ಪ್ಲಾಸ್ಟಿಕ್ ಮುಂದೆ ಒಣಗುತ್ತಾ ಕುಗ್ಗಿ, ಬಣ್ಣ ಬಳಿದು ವಾರದ ಮೇಲೆ ಗೆರೆ ಮತ್ತೆ ಎದ್ದು ಕಾಣುತ್ತದೆ.

ಗಟ್ಟಿಯಾದ ಉಬ್ಬನ್ನು ಬ್ಲೇಡಿನಿಂದ ಹೆರೆದು, ನೀರು ಮುಟ್ಟಿಸಿಕೊಂಡು 400, 600, 1000, 2000 ಹೀಗೆ ಕ್ರಮವಾಗಿ ಉಜ್ಜಿ. ಇನ್ನೂ ಸಂದು ಉಳಿದರೆ ಮಾತ್ರ ಪುಟ್ಟಿ. ಟ್ಯೂಬಿನ ಪುಟ್ಟಿ ಒಣಗುತ್ತಾ ಕುಗ್ಗುವುದರಿಂದ ಒಂದೇ ಸಲ ದಪ್ಪ ಮೆತ್ತದೆ ಎರಡು ತೆಳು ಪದರ ಹಾಕಿ, ನಡುವೆ ಒಂದು ರಾತ್ರಿ ಬಿಡಿ. ಫೆವಿಕ್ವಿಕ್ ಕೂಡ ಸಂದು ತುಂಬುತ್ತದೆ, ಕುಗ್ಗುವುದಿಲ್ಲ. ಆದರೆ ಒಂದು ಗಂಟೆಯೊಳಗೆ ಉಜ್ಜಿಬಿಡಬೇಕು. ಮರುದಿನಕ್ಕೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿರುತ್ತದೆ. ಆಗ ಉಜ್ಜಿದರೆ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆದು, ಅಂಟು ಮಾತ್ರ ಬದುವಿನ ಹಾಗೆ ನಿಲ್ಲುತ್ತದೆ. ಪರೀಕ್ಷೆಗೆ ಉಗುರನ್ನು ಗೆರೆಗೆ ಅಡ್ಡಲಾಗಿ ಎಳೆಯಿರಿ. ಉಗುರಿಗೆ ತಾಗಿದರೆ ಬಣ್ಣದಲ್ಲಿ ಕಂಡೇ ಕಾಣುತ್ತದೆ. ಬೂದು ಪ್ರೈಮರ್ (ಬಣ್ಣಕ್ಕೂ ಮುಂಚಿನ ತಳಪದರ) ಹೊಡೆದಾಗ ಉಳಿದ ಕಳ್ಳಗೆರೆಗಳೆಲ್ಲ ಹೊರಬರುತ್ತವೆ.

ಹರಿಕೇನ್ ಕಟ್ಟುವವರಿಗೆ ಒಂದು ಎಚ್ಚರಿಕೆ. ಅದರ ಒಡಲಿನ ಹಿಂಭಾಗ ತಗಡಲ್ಲ, ಚೌಕಟ್ಟಿನ ಮೇಲೆ ಬಿಗಿದ ಬಟ್ಟೆ. ಕಿಟ್‌ನಲ್ಲಿ ಆ ಬಟ್ಟೆಯಡಿಯ ಪಟ್ಟಿಗಳ ಏರುತಗ್ಗು ಇರುತ್ತದೆ. ಅಲ್ಲಿ ಅಡ್ಡಡ್ಡ ಉಜ್ಜಿದರೆ ಪಟ್ಟಿಗಳು ಅಳಿಸಿಹೋಗುತ್ತವೆ. ವಾಟರ್ ಪೇಪರನ್ನು ಸಣ್ಣ ಪಟ್ಟಿಯಾಗಿ ಮಡಚಿ ಉದ್ದುದ್ದಕ್ಕೆ ಮಾತ್ರ ಎಳೆಯಿರಿ.

ಇನ್ನು ರೆಕ್ಕೆ. ಸ್ಪಿಟ್‌ಫೈರ್‌ನ ರೆಕ್ಕೆಗಳು ಬುಡದಿಂದ 6 ಡಿಗ್ರಿ ಮೇಲಕ್ಕೆ ಎದ್ದಿರುತ್ತವೆ. 1/72ರಲ್ಲಿ ರೆಕ್ಕೆಯ ತುದಿ ಬುಡಕ್ಕಿಂತ ಸುಮಾರು 7-8 ಮಿಲಿಮೀಟರ್ ಮೇಲಿರಬೇಕು. ಹರಿಕೇನ್‌ನಲ್ಲಿ ನಡುಭಾಗ ಚಪ್ಪಟೆ, ಚಕ್ರಗಳಾಚೆಯ ಹೊರಭಾಗ ಮಾತ್ರ ಏಳುತ್ತದೆ. ಎಷ್ಟೋ ಮಾದರಿಗಳಲ್ಲಿ ರೆಕ್ಕೆ ಮಟ್ಟಸವಾಗಿ ಮಲಗಿರುತ್ತದೆ, ಇಲ್ಲವೇ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಇದಕ್ಕೂ ಬುಡದ ಬಿರುಕಿಗೂ ಮದ್ದು ಒಂದೇ. ಸಿಮೆಂಟ್ ಹಚ್ಚುವ ಮೊದಲೇ ಒಂದು ಉದ್ದ ಟೇಪನ್ನು ಎಡ ರೆಕ್ಕೆಯ ತುದಿಯಿಂದ ಬೆನ್ನಿನ ಮೇಲೆ ಹಾಯಿಸಿ ಬಲ ರೆಕ್ಕೆಯ ತುದಿಗೆ ಎಳೆದು ಅಂಟಿಸಿ. ಟೇಪ್ ಬಿಗಿದಂತೆ ರೆಕ್ಕೆಗಳು ಏಳುತ್ತವೆ, ಬುಡದ ಸಂದು ಮುಚ್ಚುತ್ತದೆ. ಎರಡೂ ತುದಿಗಳ ಎತ್ತರ ಮೇಜಿನಿಂದ ಅಳೆದು ಸಮ ಮಾಡಿ, ಆಮೇಲೆ ಬುಡಕ್ಕೆ ಸಿಮೆಂಟ್ ಬಿಡಿ. ಮುಂದಿನಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೇಲಿನಿಂದ ನೋಡಿದರೆ ಈ ತಪ್ಪು ಕಾಣುವುದೇ ಇಲ್ಲ.

ಹಿಂದಂಚಿನ ದಪ್ಪವನ್ನು ರೆಕ್ಕೆಯ ಎರಡು ಹೋಳು ಸೇರಿಸುವ ಮುಂಚೆ ಒಳಗಡೆಯಿಂದ ಉಜ್ಜಿ ತೆಳ್ಳಗೆ ಮಾಡಬೇಕು. ಸೇರಿಸಿದ ಮೇಲೆ ಹೊರಗಿನಿಂದ ಉಜ್ಜಿದರೆ ಪ್ಯಾನೆಲ್ ಗೆರೆಗಳು (ತಗಡುಗಳು ಕೂಡುವ ಜಾಗ ತೋರಿಸುವ ಗೀರುಗಳು) ಹೋಗುತ್ತವೆ. ಹರಿಕೇನ್ 2ಸಿಯಂಥ ವಿಮಾನದ 20 ಮಿಲಿಮೀಟರ್ ಕ್ಯಾನನ್‌ಗೆ ಕಿಟ್ ಕೊಡುವುದು ತೂತಿಲ್ಲದ ಕಡ್ಡಿ. 20ನ್ನು 72ರಿಂದ ಭಾಗಿಸಿದರೆ 0.28. ಮೆಡಿಕಲ್ ಶಾಪಿನ ಹೊಸ 26 ಗೇಜ್ ಸೂಜಿಯ ಹೊರವ್ಯಾಸ 0.46, ಒಳತೂತು 0.26 ಮಿಲಿಮೀಟರ್. ಇದಕ್ಕಿಂತ ಹತ್ತಿರದ ಅಳತೆ ಅಷ್ಟು ಕಡಿಮೆ ದುಡ್ಡಿಗೆ ಎಲ್ಲೂ ಸಿಗುವುದಿಲ್ಲ. ಕಟ್ಟರ್‌ನಿಂದ ಕತ್ತರಿಸಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಸಣ್ಣ ಅರದಿಂದ ಸುತ್ತಲೂ ಗೀರು ಹಾಕಿ ಮುರಿಯಿರಿ, ಕಣ್ಣಿಗೆ ಕನ್ನಡಕ ಇರಲಿ.

ಕ್ಯಾನೊಪಿಗೆ ಫೆವಿಕ್ವಿಕ್ ಮಾತ್ರ ಬೇಡ. ಅದರ ಆವಿ ಗಾಜಿನ ಒಳಮೈಗೆ ಬಿಳಿ ಮಂಜಿನಂತೆ ಕೂರುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಪಾರದರ್ಶಕ, ತಪ್ಪಿದರೆ ನೀರಿನಲ್ಲಿ ಒರೆಸಬಹುದು. ಚೌಕಟ್ಟಿಗೆ ಮೊದಲು ಕಾಕ್‌ಪಿಟ್‌ನ ಒಳಬಣ್ಣ, ಅದರ ಮೇಲೆ ಹೊರಬಣ್ಣ ಬಳಿಯಿರಿ. ಗಾಜಿನ ಮೂಲಕ ಒಳಗಿನಿಂದ ನೋಡಿದಾಗ ಸರಿಯಾದ ಬಣ್ಣವೇ ಕಾಣುತ್ತದೆ. ಕ್ಯಾನೊಪಿ ದಪ್ಪ ಇದ್ದರೆ ಮುಚ್ಚಿಯೇ ಅಂಟಿಸಿ, ತೆರೆದಿಟ್ಟರೆ ಆ ದಪ್ಪ ಅಂಚು ಎದ್ದು ಹೊಡೆಯುತ್ತದೆ.

ಈಗ ಗೆರೆಗಳಿಗೆ ಕಪ್ಪು ತುಂಬುವ ವಿಷಯ. ಇಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಪ್ರತಿ ಪ್ಯಾನೆಲ್ ಗೆರೆಗೂ ಕಪ್ಪು ವಾಶ್ (ನೀರಾಗಿಸಿದ ಬಣ್ಣ) ತುಂಬುವುದರಿಂದ ವಿಮಾನ ಹೆಂಚಿನ ಮಾಡಿನಂತೆ ಕಾಣುತ್ತದೆ. ನೀವು ಮಾದರಿಯನ್ನು 30 ಸೆಂಟಿಮೀಟರ್ ದೂರದಿಂದ ನೋಡುತ್ತಿದ್ದೀರಿ ಅಂದರೆ ನಿಜ ವಿಮಾನವನ್ನು 21.6 ಮೀಟರ್ ದೂರದಿಂದ ನೋಡುತ್ತಿದ್ದೀರಿ. ಬೆಂಗಳೂರಿನಲ್ಲಿರುವವರು ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ ಅಲ್ಲಿನ ಮಾರುತ್‌ನಿಂದ ಆದಷ್ಟು ಹಿಂದೆ ಸರಿದು ನಿಂತು ನೋಡಿ. (1961ರಲ್ಲಿ ಮೊದಲು ಹಾರಿದ ಮಾರುತ್ ಜೆಟ್, ನಾವು ಹೇಳುತ್ತಿರುವ ಕಾಲದ್ದಲ್ಲ. ಆದರೆ ಅದನ್ನು ಬೆಂಗಳೂರಿನಲ್ಲಿ ವಿನ್ಯಾಸ ಮಾಡಿದ ಕುರ್ಟ್ ಟಾಂಕ್ ಅವರೇ ಎರಡನೇ ಮಹಾಯುದ್ಧದ ಜರ್ಮನ್ ಫೋಕವುಲ್ಫ್ 190ನ್ನೂ ರೂಪಿಸಿದವರು.) ಅಷ್ಟು ದೂರದಿಂದ ಕಾಣುವುದು ರಡ್ಡರ್, ಏಲರಾನ್, ಫ್ಲ್ಯಾಪ್‌ಗಳ ಅಂಚು. ಉಳಿದ ತಗಡಿನ ಗೆರೆಗಳು ಬರೀ ಸುಳಿವಿನಷ್ಟು. ಮಾದರಿಯಲ್ಲೂ ಹಾಗೇ ಇರಲಿ: ಅಲುಗುವ ಭಾಗಗಳ ಗೆರೆಗೆ ಗಾಢ ಬೂದು ಅಥವಾ ಕಂದು, ಉಳಿದ ಗೆರೆಗಳಿಗೆ ಮೈಬಣ್ಣಕ್ಕಿಂತ ಒಂದು ಛಾಯೆ ಮಾತ್ರ ಗಾಢ. ಇದೇ ಕಾರಣಕ್ಕೆ ಅಚ್ಚ ಕಪ್ಪು, ಅಚ್ಚ ಬಿಳಿ ಎಲ್ಲೂ ಬೇಡ. ಟೈರಿಗೂ ಗಾಢ ಬೂದು.

ಕೊನೆಯ ದೊಡ್ಡ ವೈರಿ ಡಿಕಾಲ್, ಅಂದರೆ ನೀರಿನಲ್ಲಿ ಅದ್ದಿ ಕಾಗದದಿಂದ ಜಾರಿಸಿ ಅಂಟಿಸುವ ಗುರುತಿನ ಚಿತ್ರ. ಗುರುತಿನ ಸುತ್ತ ಬೆಳ್ಳಿಯಂತೆ ಹೊಳೆಯುವ ಅಂಚು ಕಂಡರೆ ಅದು ಡಿಕಾಲ್‌ನ ದೋಷವಲ್ಲ, ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೈ ಹತ್ತಿರದಿಂದ ನೋಡಿದರೆ ಉಪ್ಪಿಟ್ಟಿನ ರವೆಯಂತೆ ತರಿತರಿ. ಆ ತರಿಗಳ ಮೇಲೆ ತೆಳು ಪೊರೆ ಚಾದರದಂತೆ ನಿಲ್ಲುತ್ತದೆ, ಕೆಳಗೆ ಉಳಿದ ಗಾಳಿ ಬೆಳಕನ್ನು ಚೆದುರಿಸುತ್ತದೆ. ಆದ್ದರಿಂದ ಡಿಕಾಲ್‌ಗೆ ಮುಂಚೆ ಇಡೀ ವಿಮಾನಕ್ಕೆ ಹೊಳಪಿನ (ಗ್ಲಾಸಿ) ವಾರ್ನಿಷ್ ಎರಡು ತೆಳು ಪದರ, ಒಂದೆರಡು ದಿನ ಒಣಗಲು ಬಿಡಿ. ಡಿಕಾಲನ್ನು ಅಂಚಿಗೆ ಆದಷ್ಟು ಹತ್ತಿರ ಕತ್ತರಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ 10-15 ಸೆಕೆಂಡ್ ಅದ್ದಿ, ತೆಗೆದು ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ನೀರಿನಲ್ಲೇ ತೇಲಿಬಿಟ್ಟರೆ ಅಡಿಯ ಅಂಟು ತೊಳೆದುಹೋಗುತ್ತದೆ. ಕೂರಿಸುವ ಜಾಗಕ್ಕೆ ಡಿಕಾಲ್ ಕೂರಿಸುವ ದ್ರವವಾದ ನೀಲಿ ಲೇಬಲ್ಲಿನ ಮೈಕ್ರೊ ಸೆಟ್ ಸವರಿ, ಕಾಗದದಿಂದ ಜಾರಿಸಿ, ಮೆತ್ತನೆ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ನೀರು ಒತ್ತಿ. ಆಮೇಲೆ ಡಿಕಾಲನ್ನು ಮೆದು ಮಾಡುವ ಕೆಂಪು ಲೇಬಲ್ಲಿನ ಮೈಕ್ರೊ ಸಾಲ್ ಹಚ್ಚಿ. ಎರಡು ನಿಮಿಷದಲ್ಲಿ ಡಿಕಾಲ್ ಹಪ್ಪಳದಂತೆ ಸುಕ್ಕುಗಟ್ಟುತ್ತದೆ. ಹೊಸಬರು ಗಾಬರಿಯಾಗಿ ಬೆರಳು ಹಾಕಿ ಹರಿದುಕೊಳ್ಳುವುದು ಇಲ್ಲೇ. ಮುಟ್ಟದೆ ಬಿಡಿ. ಒಣಗುತ್ತಾ ತಾನೇ ಮೈಗೆ ಅಂಟಿ ಗೆರೆಗಳೊಳಗೆ ಇಳಿಯುತ್ತದೆ. ಮರುದಿನ ಅಂಟಿನ ಕಲೆ ಒದ್ದೆ ಬಟ್ಟೆಯಿಂದ ಒರೆಸಿ, ಕೊನೆಗೆ ಇಡೀ ವಿಮಾನಕ್ಕೆ ಮ್ಯಾಟ್ ವಾರ್ನಿಷ್. ಮಳೆ ಹಿಡಿದ ದಿನ ಸ್ಪ್ರೇ ಮಾಡಬೇಡಿ, ತೇವಕ್ಕೆ ವಾರ್ನಿಷ್ ಬೆಳ್ಳಗಾಗುತ್ತದೆ.

ಹಳೆಯ ಕಿಟ್ ಸಂಗ್ರಹಿಸುವವರು ಡಿಕಾಲ್ ಹಾಳೆಯನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಮಲೆನಾಡು ಕರಾವಳಿಯವರಂತೂ ತಪ್ಪದೆ. ಹಳದಿಯಾದ ಹಾಳೆಯನ್ನು ಕಿಟಕಿ ಗಾಜಿಗೆ ಬಿಸಿಲಿಗೆ ಮುಖಮಾಡಿ ಕೆಲವು ದಿನ ಅಂಟಿಸಿಟ್ಟರೆ ಬಣ್ಣ ತಿಳಿಯಾಗುತ್ತದೆ. ರಬ್ಬರಿನಂಥ ವಿನೈಲ್ ಟೈರ್ ಇದ್ದರೆ ಬೇರೆ ಕವರಿಗೆ ಹಾಕಿ, ವರ್ಷಗಟ್ಟಲೆ ತಾಗಿಕೊಂಡಿದ್ದರೆ ಪ್ಲಾಸ್ಟಿಕ್ ಚಕ್ರವನ್ನು ಕರಗಿಸುತ್ತದೆ. ಇನ್ನು, 1944ರಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದಲ್ಲಿ ಇಂಫಾಲದಿಂದ ಹಾರಿದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಹರಿಕೇನ್ ಮಾಡಬೇಕೆಂಬ ಆಸೆ ಹಲವರಿಗಿದೆ, ಮಾಡಲೇಬೇಕಾದ ವಿಮಾನ ಅದು. ಆದರೆ ಪೆಟ್ಟಿಗೆಯಲ್ಲಿ ಸಿಗುವ ಕೆಂಪು ನಡುವಿನ ಬ್ರಿಟಿಷ್ ವೃತ್ತಗಳನ್ನು ಅಂಟಿಸಬೇಡಿ. ಜಪಾನಿ ವಿಮಾನದ ಕೆಂಪು ಸೂರ್ಯನೆಂದು ತಪ್ಪು ತಿಳಿದು ತಮ್ಮವರೇ ಗುಂಡು ಹಾರಿಸದಿರಲಿ ಎಂದು ಆ ಬರ್ಮಾ ರಂಗದಲ್ಲಿ ಕೆಂಪನ್ನು ತೆಗೆದು, ಕಡುನೀಲಿಯೊಳಗೆ ತಿಳಿನೀಲಿ ಮಾಡಿದ್ದರು.

ಈಗಾಗಲೇ ಮುಗಿಸಿ ಕಪಾಟಿನಲ್ಲಿಟ್ಟ ವಿಮಾನಕ್ಕೆ ಏನಾದರೂ ಮಾಡಬಹುದೇ? ಬೆಳ್ಳಿ ಹೊಳೆಯುವ ಡಿಕಾಲ್‌ಗೆ ಸೂಜಿಮೊನೆಯಿಂದ ಹತ್ತಾರು ಕಡೆ ಚುಚ್ಚಿ ಮೈಕ್ರೊ ಸಾಲ್ ಹಚ್ಚಿ, ಮೇಲೆ ವಾರ್ನಿಷ್ ಆಗಿರದಿದ್ದರೆ ಎರಡು ಮೂರು ಸಲಕ್ಕೆ ಬಹುಪಾಲು ಕೂರುತ್ತದೆ. ಹೊಳಪು ಹೆಚ್ಚಿದ್ದರೆ ಕ್ಯಾನೊಪಿಯ ಮೇಲೆ ಟೇಪ್ ಮುಚ್ಚಿ ಒಂದು ಪದರ ಮ್ಯಾಟ್ ಹೊಡೆಯಿರಿ. ಎಕ್ಸಾಸ್ಟ್ ಕೊಳವೆಗಳ ಬಾಯಿಗೆ 0.5 ಮಿಲಿಮೀಟರ್ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಗುಳಿ ಮಾಡಿ. ಆ ವಿಮಾನಕ್ಕೆ ಏರಿಯಲ್ ತಂತಿ ಇದ್ದದ್ದಾದರೆ ಸ್ಪ್ರೂ ತುಂಡನ್ನು ಮೇಣದಬತ್ತಿಯ ಮೇಲೆ ಮೆದುವಾಗಿಸಿ, ಬೆಂಕಿಯಿಂದ ಆಚೆ ತಂದು ಎಳೆಯಿರಿ, ಕೂದಲಿಗಿಂತ ತೆಳುವಾದ ಎಳೆ ಬರುತ್ತದೆ. ಎರಡು ತುದಿ ಅಂಟಿಸಿ ಗಟ್ಟಿಯಾದ ಮೇಲೆ ಹೊತ್ತಿಸಿ ಆರಿಸಿದ ಊದುಬತ್ತಿಯ ಕೆಂಡವನ್ನು ಅರ್ಧ ಸೆಂಟಿಮೀಟರ್ ದೂರದಲ್ಲಿ ಹಾಯಿಸಿ. ಜೋಲುಬಿದ್ದ ಎಳೆ ಸರ್ರನೆ ಬಿಗಿಯಾಗುತ್ತದೆ. ಮುಟ್ಟಿಸಿದರೆ ಕಡಿದುಹೋಗುತ್ತದೆ, ಆಗ ಇನ್ನೊಂದು ಎಳೆಯಿರಿ. ಬೆನ್ನಿನ ಗೆರೆಯೊಂದಕ್ಕೆ ಮಾತ್ರ ಅಡ್ಡದಾರಿ ಇಲ್ಲ. ಟಾಮಿಯಾ ಆಕ್ರಿಲಿಕ್ ಆದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಣ್ಣ ಬಿಡಿಸಿ, ಮತ್ತೆ 400 ನಂಬರಿನಿಂದ ಶುರು ಮಾಡಬೇಕು.